ಪೊಲೀಸರು ಮನೆಮನೆಗೆ ಬಂದರೆ ಅಪರಾಧ ಕಡಿಮೆಯಾಗುತ್ತಾ?

ಸುಮ್ನೆ ಒಂದು ಸಲ ಬಂದು ಹೋದರೆ ಏನೂ ಆಗುವುದಿಲ್ಲ. ಬಂದವರೇ ಮತ್ತೆ ಮತ್ತೆ ಬರಬೇಕು. ಕೇರಳದ ‘ಜನಮೈತ್ರಿ ಸುರಕ್ಷಾ’ ಯೋಜನೆ ನೋಡಿ. 2008ರಲ್ಲಿ 20 ಠಾಣೆಗಳಲ್ಲಿ ಶುರುವಾಯಿತು. ಒಂದು ಪ್ರದೇಶದ ಗಸ್ತು ನೋಡಿಕೊಳ್ಳುವ ಒಬ್ಬ ಬೀಟ್ ಪೊಲೀಸರಿಗೆ ಸುಮಾರು 500 ಮನೆ, ಮನೆಗೆ ಒಬ್ಬರದ್ದಾದರೂ ಪರಿಚಯ ಇರಬೇಕು. ಒಂಟಿ ಅಜ್ಜಿ ಎಲ್ಲಿದ್ದಾರೆ, ಯಾವ ಓಣಿಯಲ್ಲಿ ಬೀದಿದೀಪ ಕೆಟ್ಟಿದೆ, ಯಾವ ಮನೆಗೆ ವಾರದಿಂದ ಬೀಗ ಬಿದ್ದಿದೆ, ಇದೆಲ್ಲ ಠಾಣೆಯಲ್ಲಿ ಕೂತರೆ ಗೊತ್ತಾಗುವುದಿಲ್ಲ, ಅಲ್ವಾ? ಮುಖಪರಿಚಯ ಇದ್ದರೆ ಜಗಳ ಕೈಮೀರುವ ಮೊದಲೇ ಜನ ಬಾಯಿಬಿಡುತ್ತಾರೆ. ಠಾಣೆಯ ಮೆಟ್ಟಿಲು ಹತ್ತಲು ಹೆದರುವವರಿಗೆ ಇದು ಜಾಸ್ತಿ ಅನುಕೂಲ.

ಕರ್ನಾಟಕದಲ್ಲೂ 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಗಿದೆ. ನನ್ನ ಅನುಮಾನ ಒಂದೇ: ಬೀಟ್ ಸಿಬ್ಬಂದಿಯನ್ನು ದಿನಾ ಬಂದೋಬಸ್ತಿಗೆ ಕಳಿಸಿದರೆ ಪರಿಚಯ ಬೆಳೆಯುವುದು ಯಾವಾಗ? ಮಾಹಿತಿ ಕೊಟ್ಟವರ ಹೆಸರು ಹೊರಗೆ ಬಂತೋ, ಮುಂದಿನ ಸಲ ಆ ಓಣಿಯಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ.