ನಾಯಿಯ ಪಾಲು ಮೊದಲು ತೆಗೆದಿಡಿ

ಮನೆಯಲ್ಲೇ ಬಿಸ್ಕತ್ತು, ಕೇಕ್ ಮಾಡುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಅವುಗಳಲ್ಲಿ ಬಹಳಷ್ಟು ಪತ್ರಗಳಲ್ಲಿ ನಾಯಿಯೋ ಬೆಕ್ಕೋ ಇದೆ. ಹಾಗಾಗಿ ಮನೆಮಂದಿಯ ಪ್ರಶ್ನೆ, ಪ್ರಾಣಿಗಳ ಪ್ರಶ್ನೆ ಎರಡನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ವಾರಕ್ಕೊಮ್ಮೆ ರಾಗಿ ಬಿಸ್ಕತ್ತು ಮಾಡುತ್ತೇನೆ. ಮಕ್ಕಳು ತಿನ್ನುವಾಗ ನಮ್ಮ ನಾಯಿಗೂ ಒಂದೆರಡು ಹಾಕುತ್ತಾರೆ. ಒಂದೇ ಹಿಟ್ಟಿನಲ್ಲಿ ಎಲ್ಲರಿಗೂ ಮಾಡಬಹುದಾ ಮೇಡಂ? – ತುಮಕೂರು

ಉತ್ತರ: ಮಾಡಬಹುದು, ಆದರೆ ನಾಯಿಯ ಪಾಲನ್ನು ಮೊದಲೇ ತೆಗೆದಿಡಬೇಕು. ಬೆಲ್ಲ, ಬೆಣ್ಣೆ, ಉಪ್ಪು ಎಲ್ಲ ಬಿದ್ದ ಮೇಲೆ ಅದು ಮಕ್ಕಳ ಬಿಸ್ಕತ್ತು. ಅದರಲ್ಲಿ ಒಂದು ಚೂರು ತಿಂದರೆ ನಾಯಿಗೆ ಏನೂ ಆಗದೇ ಇರಬಹುದು, ಆದರೆ ವಾರ ವಾರ ಕೊಟ್ಟರೆ ಮೈ ಬರುತ್ತದೆ, ಬೆಣ್ಣೆ ಜಾಸ್ತಿಯಾದರೆ ಕೆಲವು ನಾಯಿಗಳಿಗೆ ಹೊಟ್ಟೆ ಕೆಟ್ಟು ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುತ್ತದೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ರಾಗಿ ಹಿಟ್ಟು ಒಂದು ಕಪ್, ಗೋಧಿ ಹಿಟ್ಟು ಒಂದು ಕಪ್. ರಾಗಿಯನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ತನಕ ಹುರಿದು, ಆರಿದ ಮೇಲೆ ಗೋಧಿ ಹಿಟ್ಟು ಬೆರೆಸಿ, ಎರಡು ಪಾತ್ರೆಗೆ ಸಮನಾಗಿ ಹಂಚಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಬರೀ ರಾಗಿಯಲ್ಲೇ ಮಾಡಿದರೆ ಬಿಸ್ಕತ್ತು ಪುಡಿಪುಡಿಯಾಗುತ್ತದೆ, ಅದಕ್ಕೇ ಗೋಧಿ.

ಮನೆಯವರ ಪಾತ್ರೆಗೆ 75 ಗ್ರಾಂ ಬೆಣ್ಣೆ, 60 ಗ್ರಾಂ ಬೆಲ್ಲದ ಪುಡಿ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಏಲಕ್ಕಿ. ಮುದ್ದೆ ಕಟ್ಟುವಷ್ಟೇ ಹಾಲು. ನಾಯಿಯ ಪಾತ್ರೆಗೆ ಒಂದು ಮೊಟ್ಟೆ, ಬೇಯಿಸಿ ಕಿವುಚಿದ ಸಿಹಿಗುಂಬಳ ಎರಡು ಮೂರು ಚಮಚ, ಹುರಿದ ಕಡಲೆಕಾಯಿ ಬೀಜ ರುಬ್ಬಿದ್ದು ಒಂದು ಚಮಚ. ಅಷ್ಟೇ. ಸಕ್ಕರೆ ಬೇಡ, ಬೆಲ್ಲ ಬೇಡ, ಉಪ್ಪೂ ಬೇಡ. ನಾಯಿಯದನ್ನು ಅರ್ಧ ಸೆಂಟಿಮೀಟರ್ ದಪ್ಪ ಲಟ್ಟಿಸಿ, ಸಣ್ಣ ಸಣ್ಣ ಚೌಕ ಕತ್ತರಿಸಿ, 160 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ, ಆಮೇಲೆ ಓವನ್ ಆರಿಸಿ ಅದರೊಳಗೇ ತಣ್ಣಗಾಗಲು ಬಿಡಿ, ಆಗ ಗಟ್ಟಿಯಾಗಿ ಕಟುಂ ಅನ್ನುತ್ತದೆ. ಮನೆಯವರದಕ್ಕೆ 170 ಡಿಗ್ರಿ, ಹದಿನೈದು ನಿಮಿಷದಿಂದ ನೋಡುತ್ತಾ ಇರಿ. ರಾಗಿಯ ಬಣ್ಣ ನಂಬಬೇಡಿ, ಅದು ಮೊದಲೇ ಕಂದು. ಅಂಚು ಮುಟ್ಟಿ ನೋಡಿ.

ಕಡಲೆಕಾಯಿ ವಿಷಯದಲ್ಲಿ ಒಂದು ಎಚ್ಚರ. ಮುದುಡಿದ, ಕಪ್ಪಾದ, ಬೂಷ್ಟು ಹಿಡಿದ ಬೀಜ ಒಂದೂ ಇರಬಾರದು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಲಿವರ್‌ಗೂ ಕೆಟ್ಟದ್ದು, ನಾಯಿಯ ಲಿವರ್‌ಗೆ ಇನ್ನೂ ಕೆಟ್ಟದ್ದು. "ನಮಗೆ ಆಗದ್ದು, ನಾಯಿಗಾದರೂ ಆಗಲಿ" ಅಂತ ಹಳೇ ಬೀಜ ಬಳಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ರಾಗಿ ನಾಯಿಗೆ ಒಗ್ಗುತ್ತದಾ ಅಂತ ಅನುಮಾನ ಬೇಡ. ನಮ್ಮ ಹಳ್ಳಿಗಳಲ್ಲಿ ಮುದ್ದೆ ಮುರಿದು ಮಜ್ಜಿಗೆಯಲ್ಲಿ ಕಲಸಿ ನಾಯಿಗೆ ಹಾಕುವುದು ಇವತ್ತಿನದಲ್ಲ. ಆದರೆ ಬಿಸ್ಕತ್ತು ಊಟದ ಬದಲು ಅಲ್ಲ. ದಿನದ ಆಹಾರದಲ್ಲಿ ಇಂಥ ತಿಂಡಿ ಹತ್ತರಲ್ಲಿ ಒಂದು ಪಾಲು ಮೀರಬಾರದು ಅನ್ನುತ್ತಾರೆ ಪಶುವೈದ್ಯರು. ಹತ್ತು ಕೆಜಿ ತೂಗುವ, ಪೂರ್ತಿ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು ಅಂದುಕೊಳ್ಳಿ, ಆಗ ತಿಂಡಿಯ ಲೆಕ್ಕ 60. ಅಂದರೆ ಇಂಥ ಸಣ್ಣ ಬಿಸ್ಕತ್ತು ಎರಡು. ಮಕ್ಕಳಿಗೆ ಈ ಲೆಕ್ಕ ಹೇಳಿಕೊಡಿ, ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಪ್ರಶ್ನೆ: ನಮ್ಮ ಮಾವನವರಿಗೆ ಶುಗರ್ ಇದೆ. ಅವರಿಗಾಗಿ ಸಕ್ಕರೆ ಬದಲು ಶುಗರ್ ಫ್ರೀ ಪುಡಿ ಹಾಕಿ ಕೇಕ್ ಮಾಡುತ್ತೇನೆ. ಸಕ್ಕರೆ ಇಲ್ಲವಲ್ಲ ಅಂತ ನಾಯಿಗೂ ಕೊಡುತ್ತಿದ್ದೇವೆ. ಸರಿನಾ? – ಹುಬ್ಬಳ್ಳಿ

ಉತ್ತರ: ಇವತ್ತೇ ನಿಲ್ಲಿಸಿ, ಡಬ್ಬಿಯ ಹಿಂದೆ ಬರೆದಿರುವುದನ್ನು ಓದಿ. ಈ ಸಲ ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ನಿಮ್ಮದು. ಸಕ್ಕರೆ ಬದಲು ಬಳಸುವ ಪದಾರ್ಥಗಳಲ್ಲಿ ಕ್ಸೈಲಿಟಾಲ್ ಅಂತ ಒಂದಿದೆ, ಲೇಬಲ್ ಮೇಲೆ ಕೆಲವು ಸಲ 967 ಅಂತ ಬರೀ ಸಂಖ್ಯೆ ಇರುತ್ತದೆ. ಮನುಷ್ಯರಿಗೆ ಅದರಿಂದ ಅಂಥ ತೊಂದರೆ ಇಲ್ಲ. ನಾಯಿಯ ದೇಹ ಮಾತ್ರ ಅದನ್ನು ಸಕ್ಕರೆ ಅಂತಲೇ ತಿಳಿದು ಒಮ್ಮೆಲೇ ಇನ್ಸುಲಿನ್ ಸುರಿಯುತ್ತದೆ. ಅರ್ಧ ಒಂದು ಗಂಟೆಯಲ್ಲಿ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ, ವಾಂತಿ ಮಾಡುತ್ತದೆ, ಫಿಟ್ಸ್ ಬರಬಹುದು. ಕೆಲವಕ್ಕೆ ಹಲವು ಗಂಟೆ ತಡವಾಗಿಯೂ ಬರುತ್ತದೆ. ಲಿವರ್ ಕೂಡ ಕೈಕೊಡಬಹುದು. ಪ್ರಮಾಣ ಎಷ್ಟು ಕಡಿಮೆ ಅಂದರೆ, ಒಂದು ಕೆಜಿ ತೂಕಕ್ಕೆ 0.1 ಗ್ರಾಂ ಸಾಕು. ಹತ್ತು ಕೆಜಿ ನಾಯಿಗೆ ಒಂದೇ ಒಂದು ಗ್ರಾಂ.

ಸ್ಟೀವಿಯಾ, ಸುಕ್ರಲೋಸ್‌ಗಳಿಂದ ಹೀಗಾಗುವುದಿಲ್ಲ. ಆದರೂ ಸಿಹಿ ಪುಡಿ ಹಾಕಿದ್ದನ್ನು ನಾಯಿಗೆ ಕೊಡಲೇಬೇಡಿ ಅಂತ ಮನೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿ, ಯಾಕೆಂದರೆ ಇವತ್ತು ಒಂದು ಬ್ರಾಂಡ್ ತರುತ್ತೀರಿ, ಮುಂದಿನ ತಿಂಗಳು ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ, ಪ್ರತಿ ಸಲ ಲೇಬಲ್ ಓದುವವರು ಯಾರು? ಅಂಗಡಿಯ ಶುಗರ್ ಫ್ರೀ ಪೀನಟ್ ಬಟರ್, ಚೂಯಿಂಗ್ ಗಮ್‌ಗಳಲ್ಲೂ ಕ್ಸೈಲಿಟಾಲ್ ಇರಬಹುದು.

ಮಾವನವರ ವಿಷಯಕ್ಕೆ ಬಂದರೆ, ಸಕ್ಕರೆ ತೆಗೆದರೂ ಮೈದಾ ಉಳಿಯುತ್ತದಲ್ವಾ? ಮೈದಾ ಕೂಡ ಅವರ ಶುಗರ್ ಏರಿಸುತ್ತದೆ. ತುಂಡು ಚಿಕ್ಕದಿರಲಿ, ಊಟದ ಜೊತೆಗಿರಲಿ, ಎಷ್ಟು ಅನ್ನುವುದನ್ನು ಅವರ ಡಾಕ್ಟರ ಹತ್ತಿರ ಕೇಳಿ.

ಪ್ರಶ್ನೆ: ಕ್ರಿಸ್‌ಮಸ್‌ಗೆ ಒಣದ್ರಾಕ್ಷಿ ಹಾಕಿ ಪ್ಲಮ್ ಕೇಕ್ ಮಾಡಿದ್ದೆವು. ನಾಯಿ ಒಂದು ದೊಡ್ಡ ತುಂಡು ಕದ್ದು ತಿಂದಿತು. ಏನೂ ಆಗಲಿಲ್ಲ. ಹಾಗಾದರೆ ದ್ರಾಕ್ಷಿ ವಿಷ ಅನ್ನುವುದು ಸುಳ್ಳಾ? – ಬೆಂಗಳೂರು

ಉತ್ತರ: ಸುಳ್ಳಲ್ಲ. ನಿಮ್ಮ ನಾಯಿ ಪಾರಾಯಿತು, ನನಗೂ ಸಮಾಧಾನ. ದ್ರಾಕ್ಷಿಯ ಕಷ್ಟ ಏನೆಂದರೆ ಯಾವ ನಾಯಿಗೆ ಎಷ್ಟರಲ್ಲಿ ತೊಂದರೆ ಆಗುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಒಂದು ಹಿಡಿ ತಿಂದು ಸುಮ್ನೆ ಇರುವ ನಾಯಿಗಳಿವೆ, ನಾಲ್ಕೈದು ದ್ರಾಕ್ಷಿಗೇ ಕಿಡ್ನಿ ಕೆಟ್ಟ ನಾಯಿಗಳಿವೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬಹುದು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಬರೆದರು. ಅವರ ಅನುಮಾನಕ್ಕೆ ದಾರಿ ತೋರಿಸಿದ್ದೇ ಕ್ರೀಮ್ ಆಫ್ ಟಾರ್ಟಾರ್ (ಅದೇ ಆಮ್ಲದ ಲವಣದ ಪುಡಿ) ಹಾಕಿ ಮನೆಯಲ್ಲಿ ಮಾಡಿದ ಆಟದ ಹಿಟ್ಟನ್ನು ತಿಂದ ನಾಯಿ. ಬೇಕಿಂಗ್ ಮಾಡುವ ನಮ್ಮಂಥವರ ಮನೆಯಲ್ಲಿ ಆ ಡಬ್ಬಿಯೂ ಇರುತ್ತದೆ, ಮೇಲಿನ ಶೆಲ್ಫಿನಲ್ಲಿಡಿ.

ಮುಂದೆ ಹೀಗಾದರೆ ಕಾಯಬೇಡಿ. ಕಿಡ್ನಿ ತೊಂದರೆ ಹೊರಗೆ ಕಾಣುವುದು ಒಂದು, ಎರಡು, ಮೂರು ದಿನ ಬಿಟ್ಟು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ತಿಂದ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ನಾಯಿಯ ತೂಕ, ಏನು ತಿಂದಿತು, ಎಷ್ಟು ಹೊತ್ತಾಯಿತು ಈ ಮೂರೂ ಹೇಳಿ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಹಾಸನ, ಶಿವಮೊಗ್ಗ, ಬೀದರ್‌ನಲ್ಲೂ ಇಂಥ ಕಾಲೇಜುಗಳಿವೆ. ರಾತ್ರಿ ಯಾರು ತೆರೆದಿರುತ್ತಾರೆ ಅಂತ ಇವತ್ತೇ ವಿಚಾರಿಸಿ, ನಂಬರನ್ನು ಫ್ರಿಜ್ ಮೇಲೆ ಅಂಟಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ಮಾತ್ರ ಬೇಡವೇ ಬೇಡ, ಆ ಉಪ್ಪೇ ನಾಯಿಯ ಪ್ರಾಣಕ್ಕೆ ಬಂದಿರುವ ಉದಾಹರಣೆಗಳಿವೆ.

ಪ್ರಶ್ನೆ: ಬ್ರೌನಿ ಮಾಡುವಾಗ ಚಾಕೊಲೇಟ್ ಬದಲು ಕೋಕೋ ಪುಡಿ ಹಾಕಿದರೆ ನಾಯಿಗೆ ಕೊಡಬಹುದಾ? – ಬಳ್ಳಾರಿ

ಉತ್ತರ: ಬೇಡ. ಕೋಕೋ ಪುಡಿ ಇನ್ನೂ ಅಪಾಯ. ತೊಂದರೆ ಕೊಡುವುದು ಥಿಯೋಬ್ರೋಮಿನ್, ಅದು ಹಾಲಿನ ಚಾಕೊಲೇಟ್‌ಗಿಂತ ಕೋಕೋ ಪುಡಿಯಲ್ಲಿ ಸುಮಾರು ಹತ್ತು ಪಟ್ಟು. ನಾಯಿಯ ದೇಹ ಅದನ್ನು ಬಹಳ ನಿಧಾನವಾಗಿ ಹೊರಹಾಕುತ್ತದೆ, ಎದೆಬಡಿತ ಏರುತ್ತದೆ, ನಡುಕ ಬರುತ್ತದೆ. ಕಂದು ಬಣ್ಣ ಬೇಕಿದ್ದರೆ ಹುರಿದ ರಾಗಿಯೇ ಸಾಕು.

ಪ್ರಶ್ನೆ: ಮಂಗಳೂರಿನಲ್ಲಿದ್ದಾಗ ನನ್ನ ಸ್ಪಂಜ್ ಕೇಕ್ ಚೆನ್ನಾಗಿ ಬರುತ್ತಿತ್ತು. ಮಡಿಕೇರಿಗೆ ಬಂದ ಮೇಲೆ ಉಬ್ಬಿ ಉಬ್ಬಿ ಕೊನೆಗೆ ನಡುವೆ ಕುಸಿಯುತ್ತದೆ. ಓವನ್ ಅದೇ, ಅಳತೆಯೂ ಅದೇ. – ಮಡಿಕೇರಿ

ಉತ್ತರ: ಓವನ್ ಅದೇ, ಊರು ಬೇರೆ! ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಮಡಿಕೇರಿ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಬೇಕಿಂಗ್ ಪೌಡರ್‌ನಿಂದ ಹುಟ್ಟುವ ಗಾಳಿಗುಳ್ಳೆಗಳು ಬೇಗ, ಜಾಸ್ತಿ ಹಿಗ್ಗುತ್ತವೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಕೇಕ್ ಮೇಲೆ ಬಂದುಬಿಡುತ್ತದೆ, ಹಿಡಿದುಕೊಳ್ಳಲು ಒಳಗೆ ಏನೂ ಇಲ್ಲ, ಕುಸಿಯುತ್ತದೆ. ನಿಮ್ಮಲ್ಲಿ ನೀರೂ ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ತೇವವೂ ಬೇಗ ಆರುತ್ತದೆ.

ಮೂರು ಬದಲಾವಣೆ ಮಾಡಿ ನೋಡಿ. ಒಂದು ಟೀ ಚಮಚ ಬೇಕಿಂಗ್ ಪೌಡರ್ ಇದ್ದಲ್ಲಿ ಮುಕ್ಕಾಲು ಹಾಕಿ. ಒಂದೆರಡು ಚಮಚ ಹಾಲು ಹೆಚ್ಚಿಸಿ. ಓವನ್ ಉರಿ ಹತ್ತು ಡಿಗ್ರಿ ಜಾಸ್ತಿ ಮಾಡಿ, ಸಮಯ ಐದು ನಿಮಿಷ ಕಡಿಮೆ. ಸಕ್ಕರೆಯನ್ನೂ ಒಂದು ಚಮಚ ಇಳಿಸಿದರೆ ಇನ್ನೂ ಒಳ್ಳೆಯದು, ಸಕ್ಕರೆ ಹೆಚ್ಚಾದರೆ ಕೇಕ್ ಗಟ್ಟಿಯಾಗುವುದು ತಡವಾಗುತ್ತದೆ. ಚಿಕ್ಕಮಗಳೂರಿನವರಿಗೂ ಇದೇ ಉತ್ತರ. ಬೆಂಗಳೂರು ಕೂಡ 900 ಮೀಟರ್ ದಾಟಿದೆ, ವಿದೇಶದ ಅಳತೆ ನೋಡಿ ಮಾಡುವವರು ಅಲ್ಲೂ ಬೇಕಿಂಗ್ ಪೌಡರನ್ನು ಚೂರು ಹಿಡಿದು ಹಾಕುವುದು ವಾಸಿ.

ಪ್ರಶ್ನೆ: ನಾಯಿಗೆ ಬಿಸ್ಕತ್ತು ಮಾಡಿದಂತೆ ಬೆಕ್ಕಿಗೂ ಏನಾದರೂ ಮಾಡಬೇಕು ಅಂತ ಮಗಳ ಹಟ. ಆದರೆ ನಮ್ಮ ಬೆಕ್ಕು ರಾಗಿ ಬಿಸ್ಕತ್ತು ಮೂಸಿ ಹೋಗುತ್ತದೆ. – ಕುಂದಾಪುರ

ಉತ್ತರ: ಬೆಕ್ಕು ಸರಿಯಾಗಿಯೇ ಹೇಳುತ್ತಿದೆ. ಅದಕ್ಕೆ ಸಿಹಿ ರುಚಿ ಗೊತ್ತೇ ಆಗುವುದಿಲ್ಲ. ಸಿಹಿ ಗುರುತಿಸಲು ಬೇಕಾದ ಒಂದು ಜೀನ್ ಬೆಕ್ಕುಗಳಲ್ಲಿ ಕೆಲಸ ಮಾಡುವುದಿಲ್ಲ ಅಂತ 2005ರಲ್ಲೇ ವಿಜ್ಞಾನಿಗಳು ಕಂಡುಕೊಂಡರು. ಬೆಕ್ಕು ಪೂರ್ತಿ ಮಾಂಸಾಹಾರಿ, ಟಾರಿನ್ ಅನ್ನುವ ಅಂಶ ಅದಕ್ಕೆ ಆಹಾರದಿಂದಲೇ ಸಿಗಬೇಕು, ಅದು ಇರುವುದು ಮೀನು ಮಾಂಸದಲ್ಲಿ. ಹಿಟ್ಟಿನ ತಿಂಡಿ ನಾವು ಎಷ್ಟೇ ಪ್ರೀತಿಯಿಂದ ಮಾಡಿದರೂ ಅದಕ್ಕೆ ಬೇಡ.

ನೀವು ಮೀನಿನ ಊರಿನವರು, ಸುಲಭ. ಬಂಗುಡೆ ಅಥವಾ ಬೂತಾಯಿಯನ್ನು ಬರೀ ನೀರಿನಲ್ಲಿ ಬೇಯಿಸಿ, ಮುಳ್ಳು ಒಂದೂ ಉಳಿಯದಂತೆ ಬಿಡಿಸಿ, ಬೆರಳ ತುದಿಯಷ್ಟು ಚೂರು ಮಾಡಿ, 100 ಡಿಗ್ರಿಯಲ್ಲಿ ಒಣಗುವ ತನಕ ಇಡಿ. ಮಗಳು ಬಿಡಿಸಿದ ಮೇಲೆ ನೀವೂ ಒಮ್ಮೆ ಕೈಯಾಡಿಸಿ ನೋಡಿ. ಉಪ್ಪು, ಅರಿಶಿನ, ಮಸಾಲೆ ಏನೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಅಂತೂ ಹತ್ತಿರವೂ ಬರಬಾರದು, ಅವು ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ, ನಾಯಿಗಿಂತ ಬೆಕ್ಕಿಗೆ ಹಾನಿ ಜಾಸ್ತಿ. ಉಳಿದ ಖಾರಾ ಬನ್ ಬೆಕ್ಕಿಗೋ ನಾಯಿಗೋ ಹಾಕುವವರೂ ಇದನ್ನು ಓದಿಕೊಳ್ಳಿ, ಅದರಲ್ಲಿ ಈರುಳ್ಳಿ ಇದೆ.

ಪ್ರಶ್ನೆ: ನಾಯಿಯ ಹುಟ್ಟುಹಬ್ಬಕ್ಕೆ ಕೇಕ್ ಮಾಡುವುದು ಅತಿ ಅಂತ ನಮ್ಮತ್ತೆ ಹೇಳುತ್ತಾರೆ. ನೀವೇನು ಹೇಳುತ್ತೀರಿ? – ಮೈಸೂರು

ಉತ್ತರ: ನಾನು ಮಾಡಿ ಅನ್ನುತ್ತೇನೆ. ನಾಯಿಗೆ ಹುಟ್ಟುಹಬ್ಬ ಗೊತ್ತಿಲ್ಲ ನಿಜ, ಆದರೆ ಮನೆಯವರೆಲ್ಲ ಸುತ್ತ ಕೂತು ತನ್ನನ್ನೇ ನೋಡುತ್ತಿದ್ದಾರೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಒಂದು ಮಾಗಿದ ಬಾಳೆಹಣ್ಣು, ಒಂದು ಮೊಟ್ಟೆ, ಅರ್ಧ ಕಪ್ ರಾಗಿ ಹಿಟ್ಟು, ಎರಡು ಚಮಚ ಮೊಸರು. ಸಣ್ಣ ಬಟ್ಟಲಿನಲ್ಲಿ ಹಾಕಿ ಇಡ್ಲಿ ಪಾತ್ರೆಯಲ್ಲೇ ಹಬೆಯಲ್ಲಿ ಬೇಯಿಸಿದರೂ ಆಗುತ್ತದೆ. ಕ್ರೀಮ್ ಬದಲು, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ತೆಳ್ಳಗೆ ಸವರಿ. ಹಾಲು ಮೊಸರು ಆಗದ ನಾಯಿಯಾದರೆ ಅದನ್ನೂ ಬಿಟ್ಟುಬಿಡಿ, ಕಿವುಚಿದ ಸಿಹಿಗುಂಬಳ ಸಾಕು. ನಾಯಿಗೆ ಎರಡು ತುತ್ತು, ಮಿಕ್ಕಿದ್ದು ಫ್ರಿಜ್‌ಗೆ. ಅತ್ತೆಯವರ ಪಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇರೆ ಬಟ್ಟಲಿನಲ್ಲಿ ಮಾಡಿ, ಅವರೂ ಒಪ್ಪುತ್ತಾರೆ.

ಪ್ರಶ್ನೆ: ಪಾವ್ ಮಾಡಲು ಯೀಸ್ಟ್ ಹಿಟ್ಟು ಕಲಸಿಟ್ಟರೆ ನಾಯಿ ಬಾಯಿ ಹಾಕುತ್ತದೆ. ಹಸಿ ಹಿಟ್ಟು ತಿಂದರೆ ಏನಾಗುತ್ತದೆ? – ಬೆಳಗಾವಿ

ಉತ್ತರ: ಹೊಟ್ಟೆಯ ಬಿಸಿಗೆ ಅದು ಒಳಗೇ ಉಬ್ಬುತ್ತಾ ಹೋಗುತ್ತದೆ, ಜೊತೆಗೆ ಯೀಸ್ಟ್‌ನಿಂದ ಆಲ್ಕೋಹಾಲ್ ಹುಟ್ಟಿ ರಕ್ತ ಸೇರುತ್ತದೆ. ಹೊಟ್ಟೆ ಬಿಗಿದು ನಾಯಿ ತೂರಾಡಿದರೆ ಆಸ್ಪತ್ರೆಗೆ ಓಡಬೇಕು, ಮನೆಮದ್ದಿಲ್ಲ. ಹಿಟ್ಟನ್ನು ಆರಿಸಿದ ಓವನ್ ಒಳಗಿಟ್ಟು ಬಾಗಿಲು ಹಾಕಿ. ಬೆಚ್ಚಗೂ ಇರುತ್ತದೆ, ನಾಯಿಗೂ ಸಿಗುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಾಯಿ ಬಿಸ್ಕತ್ತು ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಎಷ್ಟು ದಿನ ಇಡಬಹುದು? – ಸಾಗರ

ಉತ್ತರ: ಸಿಹಿಗುಂಬಳ, ಮೊಟ್ಟೆ ಇರುವುದರಿಂದ ಅಂಗಡಿ ಬಿಸ್ಕತ್ತಿನಂತೆ ತಿಂಗಳುಗಟ್ಟಲೆ ಉಳಿಯುವುದಿಲ್ಲ. ಪೂರ್ತಿ ಗಟ್ಟಿಯಾಗಿ ಬೆಂದದ್ದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಒಂದು ವಾರ. ಅದಕ್ಕೂ ಜಾಸ್ತಿ ದಿನಕ್ಕಾದರೆ ಫ್ರೀಜರ್‌ಗೆ ಹಾಕಿ, ಬೇಕಾದಷ್ಟೇ ಹೊರಗೆ ತೆಗೆಯಿರಿ. ಮೆತ್ತಗಾಗಿದ್ದು ಬರೀ ತೇವದಿಂದ ಅಂತ ಖಾತ್ರಿಯಿದ್ದರೆ 120 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಮತ್ತೆ ಬಿಸಿ ಮಾಡಿ. ಒಂದು ಬಿಸ್ಕತ್ತಿನ ಮೇಲೆ ಬೂಷ್ಟು ಕಂಡರೂ ಇಡೀ ಡಬ್ಬಿ ಚೆಲ್ಲಿ, ಕೆರೆದು ಕೊಡಬೇಡಿ. ಮಲೆನಾಡಿನ ಮಳೆಗೆ ಒಂದೇ ಸಲ ಅರ್ಧ ಪಾಲು ಮಾತ್ರ ಮಾಡಿಕೊಳ್ಳುವುದು ಒಳ್ಳೆಯದು.