ಡೀಸೆಲ್ ಜೀಪಿಗೆ ಹಿಂದಿನ ಆಕ್ಸಲ್: 3.73 ಬೇಡ, 4.27 ನೋಡಿ

ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದೀರಿ, ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) ಹಳೇ 5.38, ಕುಮಟಾ ಹೈವೇಯಲ್ಲಿ 80 ಕಿ.ಮೀ. ವೇಗಕ್ಕೇ ಎಂಜಿನ್ ಕಿರುಚುತ್ತದೆ, 3.73 ಹಾಕಲೇ ಅಂತ ಕೇಳಿದ್ದೀರಿ.

ಟಯರ್ ಒಂದು ಸುತ್ತಿಗೆ 2.2 ಮೀಟರ್ ಉರುಳಿದರೆ, 80ರಲ್ಲಿ ಚಕ್ರ ನಿಮಿಷಕ್ಕೆ 606 ಸುತ್ತು. ಟಾಪ್ ಗೇರ್ 1:1 ಆಗಿದ್ದರೆ (ಗೇರ್‌ಬಾಕ್ಸ್ ಸುತ್ತು ಬದಲಿಸದಿದ್ದರೆ) ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು 5.38ಕ್ಕೆ 3260, 4.27ಕ್ಕೆ 2590, 3.73ಕ್ಕೆ 2260. ಕೊನೆಯದು ಹೈವೇಗೆ ಸೊಗಸು. ಆದರೆ ಅನುಪಾತ ಇಳಿದಷ್ಟೂ ಎಳೆಯುವ ಬಲ ಕಮ್ಮಿ. ಅಡಿಕೆ ಮೂಟೆ ಹೇರಿ ಕುಮಟಾ-ಶಿರಸಿ ನಡುವಿನ ದೇವಿಮನೆ ಘಾಟಿ ಹತ್ತಿ ನೋಡಿ: ತಿರುವಿಗೊಮ್ಮೆ ಗೇರ್ ಇಳಿಸಬೇಕು, ಫಸ್ಟ್‌ನಲ್ಲಿ ಎತ್ತುವಾಗ ಕ್ಲಚ್ ಸುಟ್ಟ ವಾಸನೆ. ಶಿರಸಿ ಓಡಾಟ ಇದ್ದವರಿಗೆ 4.27 ಸಾಕು.

ಫೋರ್‌ವೀಲ್ ಇದ್ದರೆ ಮುಂದಿನ ಆಕ್ಸಲ್‌ಗೂ ಅದೇ ಅನುಪಾತ ಬೇಕೇ ಬೇಕು, ಇಲ್ಲದಿದ್ದರೆ ಗಟ್ಟಿ ರಸ್ತೆಯಲ್ಲಿ ಫೋರ್‌ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಬಿಗಿದುಕೊಳ್ಳುತ್ತದೆ. ಗುಜರಿ ಮಾಲಾದರೆ ಹಲ್ಲು ಎಣಿಸಿಯೇ ದುಡ್ಡು ಕೊಡಿ: ಕ್ರೌನ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ) 47, ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕದು) 11 ಇದ್ದರೆ 4.27. ಎರಡೂ ಒಂದೇ ಜೋಡಿಯದ್ದಾಗಿರಲಿ, ಬೆರಕೆ ಮಾಡಿದರೆ ಊಳಿಡುತ್ತದೆ.