ಅಂಗಿಯ ಅಂಚು ಎಳೆಯುವ ಕೈ

ಆಪ್ತಸಮಾಲೋಚಕಿಯಾದ ನನ್ನ ಬಳಿ, ನಾಲ್ಕು ಜನರ ಮುಂದೆ ನಿಲ್ಲಲು ಅಂಜುವವರು ಮೇಲಿಂದ ಮೇಲೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಅವರಲ್ಲೊಬ್ಬಾಕೆಗೆ ಮೂವತ್ತರ ಆಸುಪಾಸು. ಹೊಸಬರಿಗೆ ತರಬೇತಿ ಕೊಡುವ ಕೆಲಸ, ಎದ್ದು ನಿಂತರೆ ಬಾಯಿ ಒಣಗುತ್ತದೆ. ಒಳ್ಳೇ ಬಟ್ಟೆ ಹಾಕಿದರೆ ಧೈರ್ಯ ತಾನಾಗೇ ಬರುತ್ತದೆಂದು ಯಾರೋ ಹೇಳಿದ್ದಕ್ಕೆ 2 ತಿಂಗಳಲ್ಲಿ 6 ಅಂಗಿ ಕೊಂಡಿದ್ದರು. ಬೀರು ತುಂಬಿತ್ತು, ಅಷ್ಟೇ.

ಮೂರನೇ ಭೇಟಿಯಲ್ಲಿ ಆಕೆ ಅಂಗಿಯ ಅಂಚನ್ನು ಕೆಳಕ್ಕೆಳೆದಾಗಲೆಲ್ಲ ಹಾಳೆಯ ಮೇಲೆ ಒಂದು ಗೀಟು ಹಾಕಿದೆ. 20 ನಿಮಿಷಕ್ಕೆ 17 ಗೀಟು. ಹಾಳೆಯನ್ನು ಅವರ ಮುಂದಿಟ್ಟೆ. ಮೊದಲು ನಕ್ಕರು. ಆಮೇಲೆ ತಲೆ ತಗ್ಗಿಸಿ, "ಎಳೆದುಕೊಳ್ಳದಿದ್ರೆ ಎಲ್ಲರ ಕಣ್ಣೂ ನನ್ನ ಹೊಟ್ಟೆ ಮೇಲೇ ಇರುತ್ತೆ ಮೇಡಂ" ಎಂದರು.

ತೊಡಕು ಬಟ್ಟೆಯಲ್ಲಿರಲಿಲ್ಲ, ಕೈಯಲ್ಲಿತ್ತು. ಹೆದರಿದ್ದು ಆಗದಿರಲೆಂದು ಮಾಡುವ ಇಂಥ ಅಭ್ಯಾಸವನ್ನು ಸುರಕ್ಷತಾ ವರ್ತನೆ ಎನ್ನುತ್ತೇವೆ. ಹೆದರಿದ್ದು ನಡೆಯದಿದ್ದರೂ, "ಎಳೆದುಕೊಂಡಿದ್ದಕ್ಕೇ ಬಚಾವಾದೆ" ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಹಾಗಾಗಿ ಭಯ ಹುಸಿಯೆಂದು ಗೊತ್ತಾಗುವ ಸಂದರ್ಭವೇ ಬರುವುದಿಲ್ಲ. ಗಮನವೆಲ್ಲ ಹೊಟ್ಟೆಯ ಮೇಲಿದ್ದರೆ ಮಾತು ತಡವರಿಸದೆ ಇನ್ನೇನು?

ಮುಂದಿನ ತರಗತಿಯಲ್ಲಿ ಮೊದಲ 10 ನಿಮಿಷ ಎರಡೂ ಕೈ ಮೇಜಿನ ಮೇಲಿರಬೇಕು ಎಂದೆ. ಎಷ್ಟು ಜನ ಹೊಟ್ಟೆ ನೋಡುತ್ತಾರೆಂದು ಮೊದಲೇ ಬರೆದಿಡಬೇಕು. ಮುಗಿದ ಮೇಲೆ ಇಬ್ಬರನ್ನು ಕೇಳಬೇಕು: "ನಾನು ಇವತ್ತು ಹಾಕಿದ್ದ ಅಂಗಿ ಯಾವ ಬಣ್ಣದ್ದು?" ಕಣ್ಣು ಮುಚ್ಚಿಸಿ ಕೇಳಿದರೆ ಇನ್ನೂ ಒಳ್ಳೆಯದು. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರದ ಟೀ ಶರ್ಟ್ ತೊಡಿಸಿದ್ದರು. ಕೋಣೆಯಲ್ಲಿದ್ದ ಅರ್ಧದಷ್ಟು ಜನ ಗಮನಿಸಿರುತ್ತಾರೆಂದು ತೊಟ್ಟವರ ಅಂದಾಜು. ನಿಜವಾಗಿ ಗಮನಿಸಿದವರು ಸುಮಾರು ಕಾಲುಭಾಗ.

ಬಟ್ಟೆ ಹೇಗಿದ್ದರೂ ನಡೆಯುತ್ತದೆ ಎನ್ನುವ ಪೈಕಿ ನಾನಲ್ಲ. ಅಳತೆ ತಪ್ಪಿದ ಅಂಗಿ ಕೈಯನ್ನು ಕರೆಯುತ್ತಲೇ ಇರುತ್ತದೆ. ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲೇ ಕೂರಬೇಕು, ಗುಂಡಿ ಹಾಕಿದ ಕಾಲರಿನೊಳಗೆ 2 ಬೆರಳು ಹೋಗಬೇಕು. ಮನೆಯಲ್ಲೇ 10 ನಿಮಿಷ ತೊಟ್ಟು ಕೂತು, ಬಗ್ಗಿ, ಕೈ ಎತ್ತಿ ನೋಡಿ. ಒಂದಕ್ಕಿಂತ ಹೆಚ್ಚು ಸಲ ಸರಿಪಡಿಸಿಕೊಳ್ಳಬೇಕಾಯಿತೋ, ದರ್ಜಿಗೆ ಕೊಡಿ. ಸೊಂಟದ ಪಕ್ಕದ ಹೊಲಿಗೆ ಬಿಚ್ಚಿ ಸಡಿಲಿಸುವಷ್ಟು ಬಟ್ಟೆ ಒಳಗಿರುತ್ತದೆಯೋ ಎಂದು ಕೊಳ್ಳುವಾಗಲೇ ತಿರುಗಿಸಿ ನೋಡಬೇಕು. ಅಗ್ಗದ ಸಿದ್ಧ ಉಡುಪುಗಳಲ್ಲಿ ಅದು ಬಹಳ ಸಲ ಇರುವುದಿಲ್ಲ.

"ಹೊಸ ಅಂಗಿ ಕೊಂಡರೆ ಖುಷಿಯಾಗುವುದಿಲ್ಲವೇ?" ಎಂದು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಆಗುತ್ತದೆ, ಎರಡು ದಿನ. ಭಯ ಹಾಗೇ ಉಳಿದವರಿಗೆ ಆ ಅಂಗಿಯೂ ಇನ್ನೊಂದು ಗುರಾಣಿ. ಆದರೆ ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುವವರಿಗೆ, ಹೊರಗೆ ಹೋಗುವುದನ್ನೇ ಬಿಟ್ಟವರಿಗೆ ಮೇಜಿನ ಮೇಲೆ ಕೈ ಇಡುವ ಈ ಪ್ರಯೋಗವನ್ನು ನಾನು ಹೇಳುವುದಿಲ್ಲ. ಮನೋವೈದ್ಯರ ಬಳಿ ಕಳಿಸುತ್ತೇನೆ.

ಆಕೆ ಚೀಟಿ ಹಿಡಿದು ಬಂದರು. ಅಂದಾಜು: 20ರಲ್ಲಿ 15 ಜನ. ಕೇಳಿದ ಇಬ್ಬರಲ್ಲಿ ಒಬ್ಬರು ನೀಲಿ ಎಂದರಂತೆ, ಇನ್ನೊಬ್ಬರಿಗೆ ನೆನಪೇ ಇಲ್ಲ. ಅಂಗಿ ಹಸಿರು.